ಟ್ಯಾಗು ಒಬ್ಬರದು, ಸಂಬಳ ಇನ್ನೊಬ್ಬರದು

ಹೋದ ಸಲ ನಾನಿಲ್ಲಿ ರೇಡಿಯೊದಲ್ಲಿ ಮಾತಾಡಿದ ಮೇಲೆ ಬಂದ ಪತ್ರಗಳನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ಕೈಬರಹ ಬೇರೆ, ಊರು ಬೇರೆ, ಪ್ರಶ್ನೆ ಒಂದೇ. "ಮಗಳಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿದೆ, ಆದರೆ ಕಾಂಟ್ರಾಕ್ಟ್ ಅಂತೆ. ಕಳಿಸೋದಾ, ಬೇಡವಾ?" ಅರಸೀಕೆರೆ ಕಡೆಯ ತಂದೆಯೊಬ್ಬರು ಇನ್ನೊಂದು ಸಾಲು ಸೇರಿಸಿದ್ದಾರೆ. ಗಂಡಿನ ಕಡೆಯವರ ಜೊತೆ ಮಾತುಕತೆ ನಡೀತಿದೆ, ಅವರಿಗೆ ಪರ್ಮನೆಂಟ್ ಅಂತ ಹೇಳಿದರೆ ತಪ್ಪಾಗುತ್ತಾ ಅಂತ. ತಪ್ಪೇ ಆಗುತ್ತೆ ಸ್ವಾಮಿ. ಅದಕ್ಕೆ ಅಷ್ಟೇ ಉತ್ತರ. ಮೊದಲನೇ ಪ್ರಶ್ನೆಗೆ ನನ್ನ ಉತ್ತರ: ಕಳಿಸಿ, ಆದರೆ ಕಾಗದ ನೋಡಿ ಕಳಿಸಿ.

ನಾನೂ ಈ ಕೆಲಸಕ್ಕೆ ಬಂದದ್ದು ಕಾಂಟ್ರಾಕ್ಟ್ ಮೇಲೇ. 1999ನೇ ಇಸವಿ, 2000 ಬಂದರೆ ಕಂಪ್ಯೂಟರುಗಳು ತಾರೀಕು ತಪ್ಪುತ್ತವೆ ಅನ್ನೋ ವೈಟುಕೆ ಗಲಾಟೆಯ ಕಾಲ. ನಮ್ಮ ತಂಡದ ಪಾಲಿಗೆ ಬಂದಿದ್ದು ವಿಮೆ ಕಂತಿನ ಲೆಕ್ಕ. ಎಲ್ಲರ ಕಣ್ಣೂ ಜನವರಿ 1ರ ಮೇಲೆ. ನಾನು ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು, ಸುಮ್ಮನೆ 2000ದ ಫೆಬ್ರವರಿ 29 ಅಂತ ಹೊಡೆದೆ. ಅಂಥ ದಿನವೇ ಇಲ್ಲ ಅಂದಿತು ಪ್ರೋಗ್ರಾಮು. ಬರೆದವನಿಗೆ ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ ಅನ್ನೋದು ಗೊತ್ತಿತ್ತು. ನಾನೂರರಿಂದ ಭಾಗವಾದರೆ ಮತ್ತೆ ಹೌದು ಅನ್ನೋದು ಗೊತ್ತಿರಲಿಲ್ಲ. ಆ ಬಗ್ಗನ್ನು ಹಿಡಿದವರು ಕಾಯಂ ನೌಕರರೋ ಕಾಂಟ್ರಾಕ್ಟೋ ಅಂತ ಆ ದಿನ ಯಾರೂ ಕೇಳಲಿಲ್ಲ.

ಕೇಳಿದ್ದು ಸಂಬಳ ತಡವಾದಾಗ, ಅದೂ ನಾನೇ. ಆಫೀಸು ಒಬ್ಬರದು, ಕುತ್ತಿಗೆಯ ಟ್ಯಾಗು ಅವರದೇ, ಆದರೆ ಸಂಬಳ ಹಾಕೋರು ಇನ್ನೊಬ್ಬರು. ಅವರಿಗೂ ಮೇಲಿನವರಿಂದ ದುಡ್ಡು ಬಂದಿಲ್ಲ. ಮಧ್ಯದಲ್ಲಿ ಮೂರನೆಯವರೊಬ್ಬರಿದ್ದಾರೆ ಅನ್ನೋದು ನನಗೆ ತಿಳಿದಿದ್ದೇ ಆವತ್ತು. ಈಗಲೂ ಹಾಗೇ. ಕೆಲಸ ಮಾಡಿಸಿಕೊಳ್ಳುವ ಕ್ಲಯಂಟ್, ಅವರ ಕೆಳಗೆ ಜನರನ್ನು ಒದಗಿಸುವ ವೆಂಡರ್, ವೆಂಡರ್ ಕೆಳಗೆ ಇನ್ನೊಬ್ಬ ವೆಂಡರ್. ಮಗಳು "ನನಗೆ ಇಂಥ ದೊಡ್ಡ ಕಂಪನಿಯಲ್ಲಿ ಕೆಲಸ" ಅಂದರೆ ನೀವು ಕೇಳಬೇಕಾದ್ದು ಒಂದೇ: ಯಾರ ಪೇರೋಲಿನಲ್ಲಿ? ಆಫರ್ ಲೆಟರಿನ ತಲೆಯ ಮೇಲೆ ಯಾರ ಹೆಸರಿದೆಯೋ ಅವರೇ ಯಜಮಾನರು. ಗಾಜಿನ ಕಟ್ಟಡದ ಮೇಲೆ ಯಾರ ಹೆಸರು ಹೊಳೆಯುತ್ತಿದ್ದರೂ ಸರಿ.

ಇಲ್ಲಿ ಒಂದು ನಂಬಿಕೆಯಿದೆ, ಕೇಳಿದಾಗೆಲ್ಲ ನನಗೆ ರೇಗುತ್ತೆ. "240 ದಿನ ಮುಗಿದರೆ ತಾನಾಗೇ ಪರ್ಮನೆಂಟ್." ಆಗಲ್ಲ. ಕೆಲಸದಿಂದ ತೆಗೆಯುವಾಗ ಪರಿಹಾರದ ಲೆಕ್ಕಕ್ಕೆ ಬರುವ ಸಂಖ್ಯೆ ಅದು. ಅದನ್ನು ಕಾಯಂ ಆಗುವ ಮುಹೂರ್ತ ಅಂದುಕೊಂಡು ದಿನ ಎಣಿಸಬೇಡಿ. ಇನ್ನೊಂದು, "ಕಾಂಟ್ರಾಕ್ಟ್ ಅಂದರೆ ಪಿಎಫ್ ಇರಲ್ಲ." ಇದೂ ಸುಳ್ಳು. ಸಂಬಳ ಕೊಡುವ ಏಜೆನ್ಸಿ ಪಿಎಫ್ ವ್ಯಾಪ್ತಿಗೆ ಬರೋದಾದರೆ ಕಾಂಟ್ರಾಕ್ಟ್ ನೌಕರರಿಗೂ ಕಟ್ಟಬೇಕು. ಬೇಸಿಕ್ ಸಂಬಳ ಎಷ್ಟೇ ಹೆಚ್ಚಿರಲಿ, 15,000 ರೂಪಾಯಿಗೆ ಮಿತಿ ಹಾಕಿಕೊಂಡು ಶೇಕಡಾ 12ರಂತೆ 1,800 ಮುರಿಯೋದು ರೂಢಿ. ತಮ್ಮ ಪಾಲಿನ 1,800ನ್ನೂ ಅವರು ನಿಮ್ಮ ಒಟ್ಟು ಪ್ಯಾಕೇಜಿನಲ್ಲೇ ತೋರಿಸಿರುತ್ತಾರೆ. "ಹೇಳಿದ ಸಂಬಳವೇ ಬೇರೆ, ಕೈಗೆ ಬಂದದ್ದೇ ಬೇರೆ" ಅನ್ನೋ ದೂರಿನಲ್ಲಿ ಅರ್ಧ ಇದೇ. ಅದರ ಬದಲು ಪಿಎಫ್ ಇಲ್ಲದೆ ಶೇಕಡಾ 10 ತೆರಿಗೆ ಮಾತ್ರ ಮುರಿದು ಕೊಟ್ಟರೆ ಎಚ್ಚರ. ಅವರ ಪುಸ್ತಕದಲ್ಲಿ ನೀವು ನೌಕರರಲ್ಲ, ಸಲಹೆಗಾರರು.

ಪಿಎಫ್ ಮಾತು ಬಂತು, ಈಗ ನಾನು ನಿಲ್ಲಿಸೋದು ಕಷ್ಟ. ಐದು ನಿಮಿಷ ಅಂತ ಬರೆದುಕೊಂಡು ಬಂದಿದ್ದೇನೆ, ನೋಡೋಣ.

ಬೆಂಗಳೂರಿನ ಬಿಟಿಎಂ ಲೇಔಟು, ಮಾರತಹಳ್ಳಿ ಕಡೆ ಓಡಾಡಿದವರಿಗೆ ಗೊತ್ತು, ಟೆಸ್ಟಿಂಗ್ ಕಲಿಸುವ ಬೋರ್ಡುಗಳು ಕಟ್ಟಡಕ್ಕೆ ನಾಲ್ಕರಂತೆ ಇವೆ. ಕಲಿಸುವವರಲ್ಲಿ ಒಳ್ಳೆಯವರಿದ್ದಾರೆ. ಆದರೆ ಕೋರ್ಸ್ ಮುಗಿಯುವ ಹೊತ್ತಿಗೆ ಒಬ್ಬರು ಪಕ್ಕಕ್ಕೆ ಕರೆದು, "ಫ್ರೆಶರ್‌ಗೆ ಕಾಂಟ್ರಾಕ್ಟ್ ಸಿಗಲ್ಲಮ್ಮ, ಮೂರು ವರ್ಷದ ಎಕ್ಸ್‌ಪೀರಿಯನ್ಸ್ ಹಾಕಿಸ್ಕೊಡ್ತೀವಿ, ಪೇಸ್ಲಿಪ್ಪು, ರಿಲೀವಿಂಗ್ ಲೆಟರು ಎಲ್ಲಾ ನಮ್ದೇ" ಅಂದರೆ, ಬ್ಯಾಗ್ ತಗೊಂಡು ಎದ್ದು ಬರಬೇಕು. ನ್ಯಾಯ ನೀತಿ ಆಮೇಲಿರಲಿ, ಮೊದಲು ಅದು ಹೇಗೆ ಸಿಕ್ಕಿಬೀಳುತ್ತೆ ಅನ್ನೋದನ್ನ ಹೇಳ್ತೀನಿ.

ಪಿಎಫ್ ಇರುವ ಪ್ರತಿ ನೌಕರರಿಗೂ 2014ರಿಂದ ಯುಎಎನ್ ಅನ್ನೋ 12 ಅಂಕಿಯ ನಂಬರಿದೆ. ಕಂಪನಿ ಬದಲಾದರೆ ಒಳಗಿನ ಖಾತೆ ಬದಲಾಗುತ್ತೆ, ಈ ನಂಬರು ಬದಲಾಗಲ್ಲ. ಮೊದಲ ಕಂಪನಿ, ಸೇರಿದ ದಿನ, ಬಿಟ್ಟ ದಿನ, ಎರಡನೇ ಕಂಪನಿ, ಸೇರಿದ ದಿನ. ಎಲ್ಲ ಒಂದೇ ದಾರಕ್ಕೆ ಪೋಣಿಸಿದ ಹಾಗೆ. ನೀವು ಆಫರ್ ಒಪ್ಪಿಕೊಂಡ ಮೇಲೆ ಕಂಪನಿಯವರು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಅಂತ ಮಾಡಿಸುತ್ತಾರಲ್ಲ, ಅವರು ಮೊದಲು ಕೇಳೋದೇ ಈ ಸರ್ವಿಸ್ ಹಿಸ್ಟರಿ. ಪೇಸ್ಲಿಪ್ಪನ್ನು ಯಾರು ಬೇಕಾದರೂ ಪ್ರಿಂಟ್ ಹಾಕಬಹುದು. ಮೂರು ವರ್ಷ ತಿಂಗಳು ತಿಂಗಳು ಸರ್ಕಾರದ ಖಾತೆಗೆ ದುಡ್ಡು ಬಿದ್ದಿದೆ ಅಂತ ಪ್ರಿಂಟ್ ಹಾಕೋಕೆ ಬರಲ್ಲ. ಪಿಎಫ್ ಇರಲಿಲ್ಲ ಅಂದರೆ ಬ್ಯಾಂಕಿನ ಸ್ಟೇಟ್‌ಮೆಂಟು ಕೇಳ್ತಾರೆ, ತೆರಿಗೆ ಕಡಿತದ ವಿವರ ಕೇಳ್ತಾರೆ. ಎಲ್ಲೋ ಒಂದು ಕಡೆ ದುಡ್ಡಿನ ಹೆಜ್ಜೆ ಇರಲೇಬೇಕಲ್ಲ?

ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ನಾನು ಕೂತಿದ್ದಾಗ ಒಬ್ಬ ಹುಡುಗ ಬಂದಿದ್ದ. ಒಂದು ಹಣ ವರ್ಗಾವಣೆಯ ಪುಟ ಕೊಟ್ಟು, ಏನೇನು ಪರೀಕ್ಷೆ ಮಾಡ್ತೀಯಪ್ಪಾ ಅಂದೆ. ಅವನು ಮೊದಲು ಹೇಳಿದ್ದು, "ಮೇಡಂ, ಗ್ರಾಹಕ ಬಟನ್ ಒತ್ತಿದ, ನೆಟ್‌ವರ್ಕ್ ಹೋಯ್ತು, ಗಾಬರಿಯಲ್ಲಿ ಮತ್ತೆ ಒತ್ತಿದ. ದುಡ್ಡು ಎರಡು ಸಲ ಹೋಗುತ್ತಾ ನೋಡ್ತೀನಿ." ಇಪ್ಪತ್ತು ಜನರಲ್ಲಿ ಒಬ್ಬರೂ ಹಾಗೆ ಶುರು ಮಾಡಿರಲಿಲ್ಲ. ಅಲ್ಲೇ ಒಪ್ಪಿಕೊಂಡೆ. ಹತ್ತು ದಿನದ ಮೇಲೆ ವೆರಿಫಿಕೇಶನ್ ವರದಿ ಬಂತು. ರೆಸ್ಯೂಮೆಯಲ್ಲಿದ್ದ ಮೂರು ವರ್ಷದ ಟೆಸ್ಟಿಂಗ್ ಅನುಭವ ಎಲ್ಲೂ ಇಲ್ಲ. ಅವನ ಯುಎಎನ್ ದಾರದಲ್ಲಿದ್ದದ್ದು ಒಂದೇ ಮಣಿ, ಎಂಟು ತಿಂಗಳು ಕಾಲ್ ಸೆಂಟರ್, ಬ್ಯಾಂಕ್ ಗ್ರಾಹಕರ ಫೋನು ತೆಗೆಯುವ ಕೆಲಸ. ಆಫರ್ ರದ್ದಾಯಿತು. ನಾನು ಉಳಿಸಿಕೊಳ್ಳೋಕೆ ಹೋದೆ, ಆಗಲಿಲ್ಲ. ಆ ಉತ್ತರ ಅವನಿಗೆ ಹೊಳೆದಿದ್ದೇ ಆ ಎಂಟು ತಿಂಗಳಿಂದ. "ದುಡ್ಡು ಎರಡು ಸಲ ಕಟ್ ಆಗಿದೆ ಸಾರ್" ಅನ್ನೋ ಫೋನು ದಿನಕ್ಕೆ ಎಷ್ಟು ತೆಗೆದಿದ್ದನೋ ಏನೋ. ಅದನ್ನು ಬರೆದಿದ್ದರೆ ಫ್ರೆಶರ್ ಲೆಕ್ಕದಲ್ಲೇ ತಗೊಳ್ತಿದ್ದೆ. ಬಚ್ಚಿಟ್ಟಿದ್ದ. ದುಡ್ಡು ಕೊಟ್ಟು ಬಚ್ಚಿಡಿಸಿಕೊಂಡಿದ್ದ.

ಇನ್ನೊಂದು ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಂಟು ತಿಂಗಳಾಗಿದ್ದರೆ ಎಂಟು ತಿಂಗಳು ಅಂತಲೇ ಬರೆಯಿರಿ. ಕಾಂಟ್ರಾಕ್ಟ್ ಆಗಿದ್ದರೆ ಕಾಂಟ್ರಾಕ್ಟ್, ಪೇರೋಲ್ ಯಾರದೋ ಅವರ ಹೆಸರು, ಆಮೇಲೆ ಕ್ಲಯಂಟ್ ಹೆಸರು. ನೇರವಾಗಿ ಕ್ಲಯಂಟ್ ಹೆಸರನ್ನೇ ಬರೆದುಕೊಂಡರೂ ಇದೇ ಗತಿ.

ನಿಲಯದವರು ಗಡಿಯಾರ ತೋರಿಸ್ತಿದ್ದಾರೆ. ಏನು ಕಲೀಬೇಕು ಅನ್ನೋದಕ್ಕೆ ಈಗ ಉಳಿದದ್ದು ಸ್ವಲ್ಪವೇ.

ಕಾಂಟ್ರಾಕ್ಟ್ ಟೆಸ್ಟಿಂಗ್ ಗೊತ್ತಾ ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ, "ಗೊತ್ತು ಸಾರ್, ಈಗ ಇರೋದೂ ಕಾಂಟ್ರಾಕ್ಟ್ ಮೇಲೇ" ಅನ್ನಬೇಡಿ. ಅಂದವರಿದ್ದಾರೆ. ಅದು ಬೇರೆ. ಒಂದು ಆ್ಯಪ್ ಬ್ಯಾಂಕಿನ ಸರ್ವರಿಗೆ ಬಾಕಿ ಎಷ್ಟು ಅಂತ ಕೇಳುತ್ತೆ, ಸರ್ವರು ಪೈಸೆಯಲ್ಲಿ ಉತ್ತರ ಕೊಡುತ್ತೆ ಅಂತ ಒಪ್ಪಂದ. ಒಂದು ದಿನ ಸರ್ವರಿನವರು ಹೇಳದೆ ಕೇಳದೆ ರೂಪಾಯಿಗೆ ಬದಲಾಯಿಸಿದರು ಅನ್ನಿ, ಐನೂರು ರೂಪಾಯಿ ಆ್ಯಪಿನಲ್ಲಿ ಐದಾಗುತ್ತೆ. ಆ ಒಪ್ಪಂದವನ್ನು ಬರೆದಿಟ್ಟು, ಪ್ರತಿ ಬದಲಾವಣೆಗೂ ಎರಡೂ ಕಡೆ ತಾಳೆ ನೋಡೋದು ಕಾಂಟ್ರಾಕ್ಟ್ ಟೆಸ್ಟಿಂಗ್. ಪ್ಯಾಕ್ಟ್ ಅನ್ನೋ ಸಾಧನ ಇದಕ್ಕೇ ಇದೆ. ಅದಕ್ಕೂ ಮೊದಲು, ಸರ್ವರಿಗೆ ಪ್ರಶ್ನೆ ಕಳಿಸಿ ಉತ್ತರ ನೋಡುವ ಸಾಧನ ಪೋಸ್ಟ್‌ಮ್ಯಾನ್ ಕಲಿಯಿರಿ. ಅದು ಬೆಂಗಳೂರಿನಲ್ಲೇ ಹುಟ್ಟಿದ್ದು. ಐಎಸ್‌ಟಿಕ್ಯೂಬಿ ಅನ್ನೋ ಟೆಸ್ಟರುಗಳ ಸರ್ಟಿಫಿಕೇಟ್ ಪರೀಕ್ಷೆ ಬರೆಯಬೇಕಾ ಅಂತ ಆರು ಜನ ಕೇಳಿದ್ದೀರಿ. ಮೊದಲ ಹಂತದಲ್ಲಿ 40 ಪ್ರಶ್ನೆ, 26 ಸರಿಯಾದರೆ ಪಾಸು. ಬರೆದರೆ ನಷ್ಟವಿಲ್ಲ, ಅದೊಂದರಿಂದಲೇ ಕೆಲಸ ಸಿಗೋದೂ ಇಲ್ಲ.

ಕೋಡಿಂಗ್ ಬಾರದವರು ಆ್ಯಪುಗಳ ಕನ್ನಡ ಆವೃತ್ತಿ ಪರೀಕ್ಷಿಸುವ ಕೆಲಸ ನೋಡಿ. ಲಕ್ಷ್ಮಿ ಅನ್ನೋ ಹೆಸರು ನಮಗೆ ಎರಡು ಅಕ್ಷರ. ಕಂಪ್ಯೂಟರಿಗೆ ಏಳು: ಲ, ಕ, ವಿರಾಮ, ಷ, ಮತ್ತೆ ವಿರಾಮ, ಮ, ಗುಡಿಸು. ಹೆಸರಿನ ಜಾಗಕ್ಕೆ ಆರೇ ಅಂತ ಮಿತಿ ಹಾಕಿದ್ದರೆ ಗುಡಿಸು ಬಿದ್ದುಹೋಗಿ ಲಕ್ಷ್ಮ ಆಗ್ತಾಳೆ. ಇದು ಕನ್ನಡ ಓದುವವರ ಕಣ್ಣಿಗೇ ಬೀಳಬೇಕು. ಎಐ ಬಂದು ಎಲ್ಲ ತಿಂದುಹಾಕುತ್ತಲ್ಲಾ ಅಂತ ಕೇಳಿದವರಿಗೆ: ಹೇಳಿದ್ದನ್ನೇ ಹೇಳಿದ ಹಾಗೆ ಒತ್ತಿ ನೋಡುವ ಕೆಲಸ ಕಮ್ಮಿಯಾಗುತ್ತಿದೆ, ಹೌದು. ಗಾಬರಿಯಲ್ಲಿ ಎರಡನೇ ಸಲ ಒತ್ತುವವನನ್ನು ಯೋಚಿಸಬಲ್ಲವರಿಗೆ ಇನ್ನೂ ಜಾಗವಿದೆ.

ಅರಸೀಕೆರೆಯ ಯಜಮಾನರೇ, ಮಗಳು ಸೇರಿದ ತಿಂಗಳ ಪಿಎಫ್ ದುಡ್ಡನ್ನು ಮುಂದಿನ ತಿಂಗಳ 15ರೊಳಗೆ ಸಂಬಳ ಕೊಡುವವರು ಕಟ್ಟಬೇಕು. 20ನೇ ತಾರೀಕಿಗೆ ಫೋನ್ ಮಾಡಿ, ಪಿಎಫ್ ಪಾಸ್‌ಬುಕ್ ತೆರೆದು ಓದಮ್ಮಾ ಅನ್ನಿ. ಆಫರ್ ಲೆಟರಿನಲ್ಲಿದ್ದ ಹೆಸರೇ ಅಲ್ಲಿದೆಯಾ, ಕೇಳಿ.