“ನೀರು ಬರುತ್ತದೆಯೇ?”



ನಾಂಪಲ್ಲಿಯಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ನಾವೆಲ್ಲ ಮೊದಲು ಕೇಳುವ ಪ್ರಶ್ನೆ, “ನೀರು ಬರುತ್ತದೆಯೇ?” ಎಂಬುದು. ಕೇಳುವುದು ನಲ್ಲಿಯ ನೀರನ್ನು. ಮಳೆಯ ನೀರು ಹೊಸ್ತಿಲು ದಾಟುತ್ತದೆಯೇ ಎಂದು ವಿಚಾರಿಸಿದವರನ್ನು ನಾವು ಕಂಡಿಲ್ಲ. ಬೀದರಿನಿಂದಲೋ ರಾಯಚೂರಿನಿಂದಲೋ ಬಂದ ನಮಗೆ ಈ ಗಲ್ಲಿಗಳ ಹಳೆಯ ಕಥೆ ತಿಳಿಯುವುದಾದರೂ ಹೇಗೆ?

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರದಲ್ಲಿ ಸುಮಾರು 15,000 ಜನ ಮಡಿದರು. ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ನದಿಯೊಂದನ್ನೇ ನೋಡಲಿಲ್ಲ. ಜಲಾನಯನದ 788 ಕೆರೆಗಳನ್ನು ಲೆಕ್ಕಕ್ಕೆ ತಂದು, ಅವುಗಳಲ್ಲಿ 221 ಒಡೆದಿದ್ದವೆಂದು ತೋರಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಲೆಕ್ಕದಿಂದ ಹುಟ್ಟಿದವು. ಆದರೂ 2020ರ ಅಕ್ಟೋಬರ್ 13ರ ರಾತ್ರಿ ನೀರು ಮನೆಗಳಿಗೆ ನುಗ್ಗಿತು. ಊರಿನ ನೆತ್ತಿಯ ಮೇಲೆಯೇ ಬಿದ್ದ ಮಳೆಯನ್ನು ಮೇಲಿನ ಅಣೆಕಟ್ಟು ತಡೆಯಲಾರದಷ್ಟೆ.

ನಕ್ಷೆಯ ವಿದ್ಯೆ ಇಂದು ಎಂಜಿನಿಯರರ ಸೊತ್ತಾಗಿ ಉಳಿದಿಲ್ಲ. ಕ್ಯೂಜಿಐಎಸ್ ಎಂಬ ತಂತ್ರಾಂಶಕ್ಕೆ ಕಾಸು ಕೊಡಬೇಕಾದುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ಬೀದಿಗಳನ್ನು ಇಳಿಸಿಕೊಳ್ಳಬಹುದು. ಬಿ.ಕಾಂ. ಮುಗಿಸಿ ಲೆಡ್ಜರು ಬಿಟ್ಟು ಬೇರೆ ಅರಿಯದ ಬ್ಯಾಂಕಿನ ಗುಮಾಸ್ತರಾದ ನಾವೇ ಕೆಲವು ಭಾನುವಾರಗಳಲ್ಲಿ ಕಲಿತೆವೆಂದರೆ, ಕಷ್ಟವೆಷ್ಟೆಂದು ತಾವೇ ಊಹಿಸಬಹುದು.

ನೆಲದ ಎತ್ತರವನ್ನು ಹೇಳುವ ಉಪಗ್ರಹದ ಮಾಹಿತಿಯೂ ಪುಕ್ಕಟೆ. ಆದರೆ ಅದರ ಒಂದೊಂದು ಚೌಕ ಸುಮಾರು 30 ಮೀಟರಿನದು. ಗಲ್ಲಿಯ ತಗ್ಗು ಅದಕ್ಕೆ ಕಾಣದು. ಅದಕ್ಕೆಂದೇ ಸಂಘದ ಮಕ್ಕಳ ಕೈಗೆ ನಕ್ಷೆಯ ಪ್ರತಿ ಕೊಟ್ಟು ಮನೆಮನೆಗೆ ಕಳುಹಿಸಿದೆವು. ಹಳಬರು ಗೋಡೆಯ ಮೇಲೆ ಬೆರಳಿಟ್ಟು ತೋರಿಸಿದ ನೀರಿನ ಮಟ್ಟವನ್ನು ಮಕ್ಕಳು ಅಳೆದು ತಂದರು. ಒಂದು ಮನೆಯಲ್ಲಿ ಅದು ಮಂಚಕ್ಕಿಂತ ಮೇಲಿತ್ತು. ಆ ಮಂಚದ ಮೇಲೆ ಈಗ ನಡೆಯಲಾರದ ಅಜ್ಜಿಯೊಬ್ಬರು ಮಲಗಿರುತ್ತಾರೆ. ಇಂಥ ಮನೆಗಳ ಗುರುತನ್ನು ಲೋಕಕ್ಕೆಲ್ಲ ಕಾಣುವ ನಕ್ಷೆಗೆ ಸೇರಿಸದೆ, ನಮ್ಮ ಕಂಪ್ಯೂಟರಿನಲ್ಲಿ ಬೇರೆ ಪದರವಾಗಿ ಇಟ್ಟಿದ್ದೇವೆ.

ಆ ಅಜ್ಜಿಯನ್ನು ಎತ್ತರದಲ್ಲಿರುವ ಶಾಲೆಗೆ ಸಾಗಿಸಲು ನಕ್ಷೆಯ ಮೇಲೆ ಹತ್ತಿರದ ದಾರಿ ಎಳೆದು ನಾವು ಬೀಗುತ್ತಿದ್ದೆವು. ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ಕಾಕಾ, ಆ ಗೇಟಿಗೆ ರಾತ್ರಿ ಕೀಲಿ ಹಾಕ್ತಾರ್ರೀ” ಎಂದಳು. ನಮ್ಮ ಗೆರೆ ಅಲ್ಲಿಗೇ ನಿಂತಿತು. ಸುತ್ತುದಾರಿ ಹಿಡಿದರೆ ತಗ್ಗನ್ನೇ ದಾಟಬೇಕು.

ಕೀಲಿಕೈ ಯಾರ ಹತ್ತಿರ ಇರುತ್ತದೆಂದು ಬರುವ ಭಾನುವಾರ ವಿಚಾರಿಸಲು ಹೊರಟಿದ್ದೇವೆ. ಜೊತೆಗೆ ಬರುವವರು ಬೆಳಿಗ್ಗೆ ಎಂಟಕ್ಕೆ ಸಂಘದ ಬಾಗಿಲಲ್ಲಿ ಸೇರಬೇಕು.