ಒಂದು ಮೀಟರ್ ಮೊನೆ ಯಾಕೆ ಬೇಕಿತ್ತು?



ಮಧ್ಯಯುಗದ ಯುರೋಪಿನ ಆಯುಧಗಳ ಕುರಿತ ಈ ಸಂಕಿರಣಕ್ಕೆ ನಾನೇ ಆಶಯ ಭಾಷಣ ಮಾಡಬೇಕೆಂದು ಸಂಘಟಕರು ಹಟ ಹಿಡಿದರು. ನಾನು ಯಾವುದರ ಬಗ್ಗೆ ಮಾತಾಡುತ್ತೇನೆಂದು ಅವರಿಗೆ ಮೊದಲೇ ಗೊತ್ತು. ಮೂವತ್ತು ವರ್ಷದಿಂದ ಅದೇ ರಾಗ.

ಆಲ್‌ಶ್ಪೀಸ್. ಜರ್ಮನ್ ಭಾಷೆಯಲ್ಲಿ 'ಆಲೆ' ಎಂದರೆ ಚಪ್ಪಲಿ ಹೊಲಿಯುವವರು ತೊಗಲಿಗೆ ತೂತು ಹಾಕುವ ಉಳಿ. 'ಶ್ಪೀಸ್' ಎಂದರೆ ಈಟಿ. 15 ಮತ್ತು 16ನೇ ಶತಮಾನಗಳಲ್ಲಿ ಜರ್ಮನಿ, ಆಸ್ಟ್ರಿಯಾಗಳಲ್ಲಿ ಬಳಕೆಯಲ್ಲಿತ್ತು. ಒಂದೂವರೆ ಮೀಟರಿಗೂ ಮಿಕ್ಕಿದ ಮರದ ಕಾವು, ಅದರ ತಲೆಗೆ ಒಂದು ಮೀಟರಿನವರೆಗೂ ಚಾಚುವ ಚೌಕ ಮೈಯ ಮೊನೆ, ಎರಡೂ ಕೂಡುವಲ್ಲಿ ಕೈ ಕಾಯಲು ಒಂದು ದುಂಡು ತಟ್ಟೆ. ಕಡಿಯಲು ಅಲಗೇ ಇಲ್ಲ, ಚುಚ್ಚಬೇಕು ಅಷ್ಟೆ. ಕಂಡವರೆಲ್ಲ 'ಕವಚಭೇದಿ' ಎಂದು ಬರೆದರು. ನಾವು ದಾರಿ ತಪ್ಪಿದ್ದು ಅಲ್ಲೇ. ಆಯುಧದ ಆಕಾರ ನೋಡಿ ಕೆಲಸ ಊಹಿಸಿದೆವು; ಕವಚ ಪಕ್ಕದ ಕೋಣೆಯ ಗಾಜಿನ ಪೆಟ್ಟಿಗೆಯಲ್ಲೇ ಉಳಿಯಿತು.

ಕವಚದ ಉಕ್ಕಿನ ವಿಚಾರದಲ್ಲಿ ಸಂಶೋಧಕ ಅಲನ್ ವಿಲಿಯಮ್ಸ್ ಮಾಡಿದ ಕೆಲಸವನ್ನು ಎರಡನೇ ಸಾಲಿನಲ್ಲಿರುವ ಲೋಹಶಾಸ್ತ್ರದ ಗೆಳತಿ ಮಧ್ಯಾಹ್ನ ವಿವರಿಸುತ್ತಾರೆ; ಅವರ ಎಲೆಗೆ ನಾನು ಕೈ ಹಾಕುವುದಿಲ್ಲ. ಇಷ್ಟು ಹೇಳಿಬಿಡುತ್ತೇನೆ: ಒಳ್ಳೆಯ ಎದೆಕವಚ ಚಪ್ಪಟೆ ತಗಡಲ್ಲ. ಮೊನೆ ಜಾರಿಹೋಗಲೆಂದೇ ಅದನ್ನು ಉಬ್ಬಿಸಿ ತಟ್ಟಿರುತ್ತಾರೆ.

ಹಿಂದೊಮ್ಮೆ ಇಂಥದ್ದೇ ಸಭೆಯಲ್ಲಿ ಪ್ರಾತ್ಯಕ್ಷಿಕೆ ಇತ್ತು. ಮರಳಿನ ಮೂಟೆಗೆ ತಗಡು ಕಟ್ಟಿ ಒಬ್ಬ ತರುಣ ತಿವಿದ. ಆರ್‌ಪಾರ್! ಚಪ್ಪಾಳೆಯೋ ಚಪ್ಪಾಳೆ. ನಾನು ಎದ್ದು ಹೋಗಿ ಆ ತಗಡನ್ನು ಕೈಯಲ್ಲೇ ಬಗ್ಗಿಸಿ ತೋರಿಸಿದೆ. ಅವತ್ತು ಊಟಕ್ಕೆ ನನ್ನ ಪಕ್ಕ ಯಾರೂ ಕೂರಲಿಲ್ಲ.

ಹಾಗಾದರೆ ಇಂಗ್ಲೆಂಡಿನ ಟೌಟನ್ ಕದನದ ಬುರುಡೆಗಳ ಕತೆ ಏನು ಎನ್ನುತ್ತೀರಿ. ಹೌದು, 1461ರ ಆ ಕದನದಲ್ಲಿ ಸತ್ತವರ ಗುಂಡಿ 1996ರಲ್ಲಿ ಸಿಕ್ಕಿತು, ಚೌಕ ತೂತು ಬಿದ್ದ ಬುರುಡೆಗಳೂ ಸಿಕ್ಕವು. ತೂತಾದದ್ದು ಬುರುಡೆ. ಶಿರಸ್ತ್ರಾಣ ಎಲ್ಲಿ?

ಜರ್ಮನ್ ಕತ್ತಿವರಸೆಯ ಲೀಖ್ಟೆನಾವರ್ ಪರಂಪರೆಯ ಗುರುಗಳು ಕವಚ ತೊಟ್ಟವನ ಮುಖ, ಕಂಕುಳು, ಅಂಗೈ, ಮೊಣಕಾಲ ಹಿಂಬದಿ ಹುಡುಕು ಎಂದು ಕಲಿಸಿದರು. ಅಂದರೆ ಸಂದಿ. ಇಲ್ಲಿಯವರೆಗೆ ನನಗೆ ಧೈರ್ಯವಿದೆ. ಆದರೆ ಕಂಕುಳಿಗೆ ನಾಲ್ಕು ಬೆರಳು ಆಳ ಸಾಕಲ್ಲ, ಮೀಟರ್ ಉದ್ದ ಯಾಕೆ? ಎದುರಾಳಿ ಮರದ ಕಾವನ್ನು ಕಡಿಯದಿರಲಿ ಎಂದೇ? ಅದಕ್ಕೆ ಕಾವಿನ ಪಕ್ಕಕ್ಕೆ ಉಕ್ಕಿನ ಪಟ್ಟಿ ಬಡಿದರೆ ಆಗುತ್ತಿತ್ತು, ಹಾಗೆ ಬಡಿದ ಆಲ್‌ಶ್ಪೀಸ್‌ಗಳೂ ಇವೆ. ಇನ್ನೂ ಒಂದು ತೊಡಕು: ಪಂದ್ಯದ ಕಾಲಾಳು ಕಾಳಗದಲ್ಲಿ ಆಲ್‌ಶ್ಪೀಸ್ ಜನಪ್ರಿಯವಾಗಿತ್ತು. ನಿಜಕ್ಕೂ ಕವಚ ಸೀಳುವಂತಿದ್ದರೆ ಆಟಕ್ಕೆ ಯಾರು ತಂದಾರು?

ಆದ್ದರಿಂದ ಒಂದು ವಿನಂತಿ. ವಸ್ತುಸಂಗ್ರಹಾಲಯಗಳ ಉಗ್ರಾಣಕ್ಕೆ ಪ್ರವೇಶವಿರುವ ಕಿರಿಯರು ಮೊನೆಯನ್ನು ಬಿಟ್ಟು ತಟ್ಟೆಯನ್ನು ನೋಡಿ. ಅದರ ಮುಂಬದಿಗೆ ಪೆಟ್ಟು ಬಿದ್ದಿದೆಯೇ? ಮೊನೆಯುದ್ದಕ್ಕೂ ಜಾರಿ ಬಂದ ಎದುರಾಳಿಯ ಆಯುಧ ಅಲ್ಲಿಗೆ ಬಂದು ನಿಲ್ಲುತ್ತಿತ್ತೇ? ನನ್ನ ಕೈಗೆ ಕೊಟ್ಟದ್ದು ಒಂದೇ ಒಂದು ಆಲ್‌ಶ್ಪೀಸ್. ಅದರ ತಟ್ಟೆಯನ್ನು ಯಾರೋ ಪುಣ್ಯಾತ್ಮರು ಫಳಫಳ ಹೊಳೆಯುವಂತೆ ಉಜ್ಜಿಟ್ಟಿದ್ದರು.