ಬಚ್ಚಲಿನ ಬಿಳಿ ಜಿಡ್ಡು

(ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



"ಎಂಟೆಕ್ ಓದಿದವಳು, ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಮ್ಮಾ" ಎಂದು ಕಾರ್ಯದರ್ಶಿ ಅಕ್ಕ ಕೇಳಿದ್ದರು. ಬಚ್ಚಲು ತೊಳೆಯುವ ಬಗ್ಗೆ ಮಾತಾಡುತ್ತೇನೆ ಎಂದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಕಾರಣವಿದೆ, ಹೇಳುತ್ತೇನೆ.

ಸಿನಿಮಾದಲ್ಲಿ ಕಾಣುವ ಬಾತ್‌ಟಬ್ ನಮ್ಮ ಅಂಬರನಾಥದ ಫ್ಲ್ಯಾಟುಗಳಲ್ಲಿ ಎಲ್ಲಿಂದ ಬರಬೇಕು? ನಮಗೆ ಟಬ್ ಎಂದರೆ ಮಗುವಿಗೆ ಸ್ನಾನ ಮಾಡಿಸುವ ಪ್ಲಾಸ್ಟಿಕ್ ಟಬ್. ಅದರ ಮೇಲೆ, ಬಕೆಟ್ ಮಗ್ಗುಗಳ ಮೇಲೆ, ಟೈಲ್ಸ್ ಮೇಲೆ ಒಂದು ಬಿಳಿ ಜಿಡ್ಡು ಕೂರುತ್ತದಲ್ಲ, ಉಗುರಿನಲ್ಲಿ ಕೆರೆದರೆ ಮೇಣದ ಹಾಗೆ ಬರುತ್ತದೆ, ಅದೇ ನನ್ನ ವಿಷಯ.

ಎರಡು ವರ್ಷದ ಹಿಂದೆ ಗಣೇಶ ಚೌತಿಗೆ ಊರಿನಿಂದ ನೆಂಟರು ಬರುವವರಿದ್ದರು. ನನಗೆ ಆಫೀಸಿನ ಕಾಲ್. ಮನೆಕೆಲಸದ ಮಾವಶಿಯ ಕೈಗೆ ಎರಡು ಬಾಟಲಿ ಕೊಟ್ಟೆ. ಒಂದು ಸೈಕಲ್‌ನವನ ಹತ್ತಿರ ಕೊಂಡ ಆ್ಯಸಿಡ್, ಇನ್ನೊಂದು ಬ್ಲೀಚ್. "ಎರಡೂ ಹಾಕಿ ಉಜ್ಜಿ ಮಾವಶಿ, ಬೇಗ ಹೋಗುತ್ತೆ" ಎಂದೆ. ಐದು ನಿಮಿಷವೂ ಆಗಿರಲಿಲ್ಲ, ಅವರು ಕೆಮ್ಮುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ ಹೊರಗೆ ಬಂದರು. ಮೂಗಿಗೆ ಈಜುಕೊಳದ ವಾಸನೆಯ ಹತ್ತರಷ್ಟು ಘಾಟು. ಹಾಲ್‌ನಲ್ಲಿದ್ದ ಅತ್ತೆಯನ್ನು, ಮಗುವನ್ನು, ಮಾವಶಿಯನ್ನು ಎಲ್ಲರನ್ನೂ ಬಾಗಿಲಾಚೆ ಕರೆದುಕೊಂಡು ಹೋಗಿ, ಅಲ್ಲಿಂದ ಡಾಕ್ಟರ ಹತ್ತಿರ ಓಡಿದೆವು. ಸಂಜೆಯ ಹೊತ್ತಿಗೆ ಅವರು ಸುಧಾರಿಸಿಕೊಂಡರು. ನನಗೆ ಸಮಾಧಾನವಾಗಲಿಲ್ಲ. ಆ್ಯಸಿಡ್ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆಂದು ನಾನು ಕಾಲೇಜಿನಲ್ಲಿ ಬರೆದು ಅಂಕ ತೆಗೆದುಕೊಂಡವಳು. ಮಾವಶಿಗೆ ಅದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಕಾಲ್‌ನಲ್ಲಿದ್ದಳು.

ಆಮೇಲೆ ಕುಳಿತು ಯೋಚಿಸಿದೆ, ಈ ಜಿಡ್ಡು ಅಸಲಿಗೆ ಏನು? ನಮ್ಮೂರು ಕುಂದಾಪುರದ ಕಡೆ. ಅಲ್ಲಿ ಬಾವಿ ನೀರಿನಲ್ಲಿ ಸಾಬೂನು ಹಚ್ಚಿದರೆ ತೊಳೆದಷ್ಟೂ ಮೈ ಜಾರುತ್ತದೆ. ಕೆಂಪು ಮುರಕಲ್ಲಿನ ಬಾವಿ, ಮೆದು ನೀರು. ಇಲ್ಲಿ ಬಾರವಿ ಅಣೆಕಟ್ಟಿನ ಕಡೆಯ ನಳದ ನೀರು ಬಂದ ದಿನ ಪರವಾಗಿಲ್ಲ. ಬೇಸಿಗೆಯಲ್ಲಿ ನಮ್ಮ ಸೊಸೈಟಿಯವರು ಬೋರ್‌ವೆಲ್ ನೀರು ಬೆರೆಸಿದಾಗ ನೊರೆಯೇ ಏಳುವುದಿಲ್ಲ. ಅಂಥ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಅವು ಸಾಬೂನಿನ ಕೊಬ್ಬಿನಂಶವನ್ನು ಹಿಡಿದುಕೊಂಡು ನೀರಿನಲ್ಲಿ ಕರಗದ ಜಿಡ್ಡಾಗುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು; ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಮನೆಯಲ್ಲೇ ನೋಡಬೇಕೇ? ಬಾಟಲಿಯಲ್ಲಿ ಅರ್ಧ ನೀರು, ಸಾಬೂನಿನ ಚೂರು ಹಾಕಿ ಕುಲುಕಿ. ನೊರೆಯ ಬದಲು ಒಡೆದ ಹಾಲಿನಂತಾದರೆ ನೀರು ಗಡಸು. ಮೈಸೂರು ಸ್ಯಾಂಡಲ್ ತಂದರೂ ಇದೇ ಕಥೆ, ತಪ್ಪು ಸಾಬೂನಿನದಲ್ಲ. ನಮ್ಮಜ್ಜಿಯರ ಅಂಟುವಾಳಕಾಯಿಗೆ ಈ ಗೋಳು ಇರಲಿಲ್ಲ ನೋಡಿ.

ಹಾಗಾದರೆ ಬೇಕಾದದ್ದು ಎರಡು: ಕ್ಯಾಲ್ಸಿಯಂ ಬಿಡಿಸಲು ಸೌಮ್ಯವಾದ ಹುಳಿ, ಉಳಿದ ಕೊಬ್ಬನ್ನು ಎತ್ತಲು ಪಾತ್ರೆ ತೊಳೆಯುವ ಲಿಕ್ವಿಡ್. ಅಮ್ಮ ಬಚ್ಚಲಿನ ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚುತ್ತಿದ್ದಳಲ್ಲ, ಹಾಗೆಯೇ. ಕಿರಾಣಿ ಅಂಗಡಿಯಲ್ಲಿ ನಿಂಬೂ ಸತ್ ಎಂದು ಕೇಳಿದರೆ ಸಿಟ್ರಿಕ್ ಆ್ಯಸಿಡ್ ಪುಡಿ ಕೊಡುತ್ತಾರೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಪುಡಿ, ನಾಲ್ಕು ಹನಿ ಲಿಕ್ವಿಡ್. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಟಬ್ಬಿಗೆ, ಬಕೆಟ್ಟಿಗೆ, ಟೈಲ್ಸಿಗೆ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಡಿ. ಒಣಗಲು ಬಿಡಬೇಡಿ. ಆಮೇಲೆ ಪ್ಲಾಸ್ಟಿಕ್ ಬ್ರಷ್ ಅಥವಾ ತೆಂಗಿನ ನಾರು. ಸ್ಟೀಲ್ ಜುಂಗಿನಿಂದ ಪ್ಲಾಸ್ಟಿಕ್ ಮೇಲೆ ಗೀರು ಬೀಳುತ್ತದೆ, ಆ ಗೀರಿನಲ್ಲೇ ಮುಂದಿನ ಜಿಡ್ಡು ಬೇಗ ಕೂರುತ್ತದೆ. ವರ್ಷಗಟ್ಟಲೆಯದ್ದಾದರೆ ಎರಡು ಮೂರು ಸಲ ಮಾಡಬೇಕು, ಒಂದೇ ಸಲಕ್ಕೆ ಹೋಗದು. ಮಗುವಿನ ಟಬ್ ಆದರೆ ಚೆನ್ನಾಗಿ ಎರಡು ಸಲ ನೀರು ಹಾಕಿ ತೊಳೆಯಿರಿ.

ಮಾರ್ಬಲ್, ಕಡಪ, ಕೋಟಾ ಕಲ್ಲಿನ ಹತ್ತಿರ ಮಾತ್ರ ಯಾವ ಹುಳಿಯೂ ಬೇಡ. ಅವೂ ಕ್ಯಾಲ್ಸಿಯಂ ಕಲ್ಲುಗಳೇ, ಜಿಡ್ಡಿನ ಜೊತೆ ಹೊಳಪೂ ಹೋಗುತ್ತದೆ. ಅಲ್ಲಿಗೆ ಬರೀ ಲಿಕ್ವಿಡ್, ಬಿಸಿನೀರು. ಇನ್ನು ವಾಟ್ಸಾಪಿನಲ್ಲಿ ಬರುವ ವಿನೆಗರ್‌ಗೆ ಬೇಕಿಂಗ್ ಸೋಡಾ ಬೆರೆಸುವ ವಿಡಿಯೋ! ಬುಸ್ಸೆಂದು ಉಕ್ಕುವುದು ನೋಡಲು ಚೆಂದ. ಆದರೆ ಹುಳಿಯನ್ನು ಸೋಡಾ ಕೊಲ್ಲುತ್ತದೆ, ಸೋಡಾವನ್ನು ಹುಳಿ. ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ಬ್ಲೀಚ್ ವಿಷಯ ಮತ್ತೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಟಾಯ್ಲೆಟ್ ಕ್ಲೀನರ್, ವಿನೆಗರ್, ನಿಂಬೂ ಸತ್, ಯಾವ ಹುಳಿಯ ಜೊತೆಗೂ ಅದು ಸೇರಬಾರದು. ಒಂದೇ ದಿನ, ಒಂದೇ ನೆಲದ ಮೇಲೆ, ಒಂದಾದ ಮೇಲೊಂದೂ ಬೇಡ. ಅಕಸ್ಮಾತ್ ಘಾಟು ಬಂದರೆ ಮೂಗು ಮುಚ್ಚಿಕೊಂಡು ತೊಳೆಯಲು ನಿಲ್ಲದೆ ಹೊರಗೆ ಬನ್ನಿ. ಉಸಿರಿಗೆ ಕಷ್ಟವಾದರೆ ಡಾಕ್ಟರ ಹತ್ತಿರ ಹೋಗಿ.

ನಮ್ಮನೆಯಲ್ಲಿ ಈಗ ಸೈಕಲ್‌ನವನ ಆ್ಯಸಿಡ್ ಇಲ್ಲ. ಎಲ್ಲ ಬಾಟಲಿಗೂ ಮರಾಠಿಯಲ್ಲಿ ಚೀಟಿ ಅಂಟಿಸಿ, ಏನನ್ನು ಯಾವುದಕ್ಕೆ ಸೇರಿಸಬಾರದೆಂದು ಬರೆದಿದ್ದೇನೆ. ಮಾವಶಿಗೆ ಓದಲು ಬರುವುದಿಲ್ಲವೆಂದು ಒಂದು ತಿಂಗಳಾದ ಮೇಲೆ ಅವರ ಮಗಳಿಂದ ಗೊತ್ತಾಯಿತು. ಈಗ ಬ್ಲೀಚ್ ಬಾಟಲಿಗೆ ಕೆಂಪು ದಾರ ಕಟ್ಟಿದ್ದೇವೆ. ಅದು ಅವರದೇ ಸಲಹೆ.